'ಗಣಶತ್ರು'ವೂ ಮೂರು ಶಾಸ್ತ್ರಗಳೂ

ಸಾರ್ವಜನಿಕ ಆರೋಗ್ಯ, ಭೂವಿಜ್ಞಾನ, ಚಲನಚಿತ್ರ ವಿಮರ್ಶೆ ಈ ಮೂರನ್ನೂ ಒಬ್ಬನೇ ವಿದ್ಯಾರ್ಥಿಯು ಕಲಿಯುವ ಏರ್ಪಾಡು ಈಗಿನ ಕೆಲವು ಕಾಲೇಜುಗಳಲ್ಲಿ ಉಂಟು. ಪಾಠಶಾಲೆಯಲ್ಲಿ ಒಂದೇ ಶಾಸ್ತ್ರಕ್ಕೆ ಆಯುಷ್ಯ ಸವೆಸಿದ ನಮ್ಮಂಥವರಿಗೆ ಇದು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತೆ ತೋರುವುದು ಸಹಜ. ಆದರೆ ಸತ್ಯಜಿತ್ ರಾಯರ 'ಗಣಶತ್ರು' (1989) ಎಂಬ ಬಂಗಾಳಿ ಚಿತ್ರವನ್ನು ನೋಡಿದ ಮೇಲೆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ನಾರ್ವೆಯ ಇಬ್ಸೆನ್ನನು 1882ರಲ್ಲಿ ಪ್ರಕಟಿಸಿದ ನಾಟಕವೇ ಇದಕ್ಕೆ ಮೂಲ. ಅಲ್ಲಿ ಕೆಟ್ಟದ್ದು ಸ್ನಾನಗೃಹಗಳ ನೀರು. ಇಲ್ಲಿ ದೇವಾಲಯದ ತೀರ್ಥ. ಚಂಡೀಪುರದಲ್ಲಿ ಕಾಮಾಲೆ ಹಬ್ಬುತ್ತದೆ. ನೆಲದೊಳಗಿನ ಕೊಳವೆಗಳ ದೋಷದಿಂದ ನೀರಿಗೆ ಹೊಲಸು ಸೇರಿದೆಯೆಂದು ವೈದ್ಯ ಅಶೋಕ ಗುಪ್ತನು ಕಂಡುಕೊಳ್ಳುತ್ತಾನೆ. ಪುರಸಭೆಯ ಅಧ್ಯಕ್ಷನಾದ ಒಡಹುಟ್ಟಿದವನೇ ಅವನಿಗೆ ಎದುರು ನಿಲ್ಲುತ್ತಾನೆ. ಬೆಂಬಲವಿತ್ತಿದ್ದ ಪತ್ರಿಕಾಸಂಪಾದಕನೂ ಹಿಂಜರಿಯುತ್ತಾನೆ. ತುಲಸಿ ಗಂಗೋದಕಗಳು ಬೆರೆತ ತೀರ್ಥವು ಕೆಡಲಾರದೆಂಬುದು ಎದುರಾಳಿಗಳ ವಾದ.

ಈ ವಾದವು ನಮ್ಮನ್ನೇ ಚುಚ್ಚಿತು. ಎಷ್ಟೋ ವರ್ಷ ಮಕ್ಕಳ ಅಂಗೈಗೆ ತೀರ್ಥವನ್ನು ಹಾಕಿದವರು ನಾವು. ಆ ನೀರು ಎಲ್ಲಿಯದೆಂದು ಒಮ್ಮೆಯೂ ಕೇಳಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ಸ್ಮೃತಿಯೇ ವಿಧಿಸಿರುವಾಗ, ಪರೀಕ್ಷೆಯು ಧರ್ಮದ್ರೋಹವಾಗುವುದೆಂತು?

ಚಿತ್ರದಲ್ಲಿ ದೋಷವೂ ಇದೆ. 1983ರ ಹೃದಯಾಘಾತದಿಂದ ಬಳಲಿದ್ದ ರಾಯರು ಇದನ್ನು ಹೆಚ್ಚಾಗಿ ಒಳಾಂಗಣದಲ್ಲಿಯೇ ತೆಗೆದರು. ಸೌಮಿತ್ರ ಚಟರ್ಜಿಯವರ ಸಂಯಮದ ಅಭಿನಯವು ಕೊಠಡಿಯನ್ನು ತುಂಬುತ್ತದೆ ನಿಜ. ಆದರೆ ಕೊಳವೆ ಹಾದ ನೆಲವು ಕಣ್ಣಿಗೆ ಬೀಳದೆ, ಮಾತಿನಲ್ಲಿಯೇ ಉಳಿಯುತ್ತದೆ. ಭೂವಿಜ್ಞಾನವನ್ನು ಓದಿದ ವಿದ್ಯಾರ್ಥಿಯು ಈ ಕೊರತೆಯನ್ನು ಒಡನೆಯೇ ಹಿಡಿದಾನು.

ನೆಲದ ಸಾಕ್ಷಿಗೆ ಎಷ್ಟು ಬಲವುಂಟೆಂಬುದನ್ನು ಲಂಡನ್ನಿನ ಒಂದು ನಿಜವೃತ್ತಾಂತವು ತಿಳಿಸುತ್ತದೆ. 1854ರ ಕಾಲರಾಕ್ಕೆ ಬ್ರಾಡ್ ಬೀದಿಯ ಬಾವಿಯ ನೀರೇ ಕಾರಣವೆಂದು ವೈದ್ಯ ಜಾನ್ ಸ್ನೋ ಹೇಳಿದನು. ಅದನ್ನು ನಂಬದ ವೈಟ್‌ಹೆಡ್ ಎಂಬ ಪಾದ್ರಿಯು ಸ್ವತಃ ಮನೆಮನೆ ವಿಚಾರಿಸಿ, ಕೊನೆಗೆ ಅದೇ ನಿರ್ಣಯಕ್ಕೆ ಬಂದನು. 1855ರಲ್ಲಿ ಅಗೆದು ನೋಡಲಾಗಿ, ಬಾವಿಗೆ ಸುಮಾರು ಮೂರು ಅಡಿಗಳೊಳಗೆ ಇಟ್ಟಿಗೆ ಶಿಥಿಲವಾದ ಮಲಗುಂಡಿಯಿದ್ದಿತು. ಅಲ್ಲಿ ದೇವರ ಸೇವಕನೇ ವೈದ್ಯನಿಗೆ ಸಾಕ್ಷಿಯಾದನು!

ಇಬ್ಸೆನ್ನನ ವೈದ್ಯನು ಏಕಾಂಗಿಯಾಗಿರುವುದನ್ನೇ ಬಲವೆಂದು ಸಾರುತ್ತಾನೆ. ರಾಯರ ವೈದ್ಯನಿಗೆ ಹೊರಗಿನಿಂದ ಜನರ ಜಯಘೋಷ ಕೇಳಿಬರುತ್ತದೆ. ಈ ಮುಕ್ತಾಯವು ಸುಲಭದ್ದೆಂದು ಕೆಲವರು ಎಣಿಸಿಯಾರು. ನಮಗೆ ಇದೇ ಉಚಿತವೆನಿಸುತ್ತದೆ. ಸ್ನೋ ಎಷ್ಟು ಹೇಳಿದರೂ, ಪಂಪಿನ ಹಿಡಿಯನ್ನು ಕಳಚಲು ಅಲ್ಲಿಯ ಆಡಳಿತಮಂಡಲಿಯು ಒಪ್ಪಬೇಕಾಯಿತು. ಕಾವ್ಯದಲ್ಲಿ ಏಕಾಂಗಿಯು ಗೆಲ್ಲಬಹುದು. ಊರಿನ ಆರೋಗ್ಯಕ್ಕೆ ಊರೇ ಕೂಡಬೇಕು.

ಒಂದು ಶಾಸ್ತ್ರವು ರೋಗವನ್ನು ಗುರುತಿಸುವುದು, ಇನ್ನೊಂದು ನೆಲವನ್ನು ಓದುವುದು, ಮೂರನೆಯದು ಜನರ ಮನಸ್ಸನ್ನು ತೋರಿಸುವುದು. ಮೂರನ್ನೂ ಕಲಿತ ಹುಡುಗನಲ್ಲಿ ಎತ್ತೂ ಕೋಣವೂ ಒಂದೇ ನೀರಿಗೆಳೆದಾವು. ಆ ನೀರು ಶುದ್ಧವಾಗಿದೆಯೇ ಎಂದು ಅವನಾದರೂ ಕೇಳಲಿ.