ಬಾಗಿಲ ಮೇಲಿನ ‘ನಾಳೆ ಬಾ’

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಿತ್ತು. ಮಾರನೇ ದಿನ ಬಂದರೆ ಮತ್ತದೇ ಬರಹ. ಪಾಪ, ಆ ದೆವ್ವಕ್ಕೆ ಓದಲು ಬರುತ್ತಿತ್ತು, ಜ್ಞಾಪಕಶಕ್ತಿ ಮಾತ್ರ ಇರಲಿಲ್ಲ. ಟೆಸ್ಲಾದ ‘ಫುಲ್ ಸೆಲ್ಫ್-ಡ್ರೈವಿಂಗ್’ ಸೌಲಭ್ಯವನ್ನು ಯುರೋಪಿನಲ್ಲಿ ಕೊಂಡವರ ಕತೆ ಓದುವಾಗಲೆಲ್ಲ ನನಗೆ ಆ ದೆವ್ವ ನೆನಪಾಗುತ್ತದೆ. ಒಂದೇ ವ್ಯತ್ಯಾಸ, ಇವರು ಬಾಗಿಲು ತಟ್ಟುವ ಮೊದಲೇ ಪೂರ್ತಿ ದುಡ್ಡು ಕಟ್ಟಿದ್ದಾರೆ.

ಇನ್ನು ಮುಂದೆ ತಯಾರಾಗುವ ಪ್ರತಿ ಕಾರಿನಲ್ಲೂ ತಾನೇ ಓಡಲು ಬೇಕಾದ ಹಾರ್ಡ್‌ವೇರ್ ಇರುತ್ತದೆ ಎಂದು ಕಂಪನಿ ಘೋಷಿಸಿದ್ದು 2016ರ ಅಕ್ಟೋಬರಿನಲ್ಲಿ. ಮುಂದಿನ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ರೋಬೋಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಎಂದು ಇಲಾನ್ ಮಸ್ಕ್ ಹೇಳಿದ್ದು 2019ರ ಏಪ್ರಿಲಿನಲ್ಲಿ. ಅಮೆರಿಕದ ಬೆರಳೆಣಿಕೆ ಜನಕ್ಕೆ ಬೀಟಾ ಸಿಕ್ಕಿದ್ದು 2020ರ ಕೊನೆಗೆ, ಕೆನಡಾಕ್ಕೆ 2022ರಲ್ಲಿ. ಚೀನಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಬಂದಾಗ 2025 ಆಗಿತ್ತು. ಯುರೋಪಿಗೆ, 2025ರ ಡಿಸೆಂಬರಿನಲ್ಲೂ, ‘ನಾಳೆ’ಯೇ ಆಗಿತ್ತು. ನಡುವೆ 2024ರಲ್ಲಿ ಹೆಸರಿನ ಬಾಲಕ್ಕೆ ‘ಸೂಪರ್‌ವೈಸ್ಡ್’ ಅಂತ ಒಂದು ಪದ ಅಂಟಿಕೊಂಡಿತು. ಅಂದರೆ ಪೂರ್ತಿ ತಾನೇ ಓಡಿಸುತ್ತೆ, ಆದರೆ ನೀವು ನೋಡ್ತಾ ಇರಬೇಕು. ನಮ್ಮಲ್ಲಿ ಎಲ್‌ ಬೋರ್ಡ್ ಹಾಕಿಕೊಂಡು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡ ಹಾಗೆ.

ನಾನಿಲ್ಲಿ ವಿಮರ್ಶೆ ಮಾಡಲು ಹೊರಟಿದ್ದು ಕಾರನ್ನಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಗೊತ್ತು, ಡೆಮೋ ಬೇರೆ, ಪ್ರೊಡಕ್ಷನ್ ಬೇರೆ. ಡೆಡ್‌ಲೈನ್ ತಪ್ಪಿಸದ ಪುಣ್ಯಾತ್ಮರು ಯಾರಿದ್ದೀರಿ, ಕೈ ಎತ್ತಿ. ನನ್ನ ತಕರಾರು ಒಂದು ವಾಕ್ಯದ ಮೇಲೆ. ಈ ಸೌಲಭ್ಯ ಸಿಗುವುದು ಸರ್ಕಾರಿ ಅನುಮತಿಯನ್ನು ಅವಲಂಬಿಸಿದೆ ಎನ್ನುವ ಸಣ್ಣಕ್ಷರದ ವಾಕ್ಯ. ಅದರಲ್ಲಿ ಕರ್ತೃ ಎಲ್ಲಿದ್ದಾನೆ ಹುಡುಕಿ. ತಡ ಮಾಡುತ್ತಿರುವವನು ಅಧಿಕಾರಿ, ಕಾಯುತ್ತಿರುವವನು ಗ್ರಾಹಕ. ಮಾರಿದವನು ವಾಕ್ಯದಲ್ಲೇ ಇಲ್ಲ. ಉಳಿದದ್ದು ಕರ್ಮ, ಅದು ಕೊಂಡವನದು.

ಯುರೋಪಿನ ನಿಯಮಗಳು ತಲೆನೋವು ಎಂಬುದು ನಿಜವೇ. ಕಾರಿನ ಸ್ಟೀರಿಂಗ್ ಎಷ್ಟರಮಟ್ಟಿಗೆ ತಾನೇ ತಿರುಗಬಹುದು ಅಂತ ವಿಶ್ವಸಂಸ್ಥೆಯ 79ನೇ ವಾಹನ ನಿಯಮ ಹೇಳುತ್ತದೆ. ಲೇನ್ ಬದಲಾಯಿಸಬೇಕಾದರೆ ಚಾಲಕನೇ ಇಂಡಿಕೇಟರ್ ಹಾಕಬೇಕು, ಕೆಲವೇ ಸೆಕೆಂಡಿನಲ್ಲಿ ಕಾರು ಸರಿಯಲು ಶುರು ಮಾಡಬೇಕು, ಇಲ್ಲವೇ ಕೈಬಿಡಬೇಕು. ಜನ ನಿಬ್ಬೆರಗಾಗುವ ‘ಸಮನ್’ ಸೌಲಭ್ಯವನ್ನೇ ನೋಡಿ. 2019ರಲ್ಲಿ ಬಂದ ಅದರ ಸ್ಮಾರ್ಟ್ ಆವೃತ್ತಿಯಲ್ಲಿ ಅಮೆರಿಕದವರು ಸುಮಾರು 60 ಮೀಟರ್ ದೂರದಿಂದ ಫೋನ್ ಒತ್ತಿದರೆ ಕಾರು ಪಾರ್ಕಿಂಗ್ ಜಾಗದಿಂದ ಎದ್ದು ಬರುತ್ತಿತ್ತು. ಯುರೋಪಿನಲ್ಲಿ ಫೋನ್ ಹಿಡಿದವರು ಕಾರಿಗೆ 6 ಮೀಟರ್ ಒಳಗೇ ಇರಬೇಕು. ಅಂದರೆ ಎಂಟು ಹೆಜ್ಜೆ. ಫೋನ್ ಅನ್‌ಲಾಕ್ ಮಾಡಿ ಆಪ್ ತೆಗೆಯುವಷ್ಟರಲ್ಲಿ ನಡೆದೇ ಹೋಗಬಹುದು.

ಇದನ್ನು ಓದಿ ನಗುವುದು ಸುಲಭ. ಆದರೆ ಎರಡು ಕಡೆಯ ಪದ್ಧತಿಯೇ ಬೇರೆ. ಅಮೆರಿಕದಲ್ಲಿ ತಯಾರಕ ತನ್ನ ಕಾರು ನಿಯಮದ ಪ್ರಕಾರ ಇದೆ ಎಂದು ತಾನೇ ಪ್ರಮಾಣಪತ್ರ ಕೊಟ್ಟುಕೊಂಡು ಮಾರುತ್ತಾನೆ, ತಪ್ಪು ಕಂಡರೆ ಆಮೇಲೆ ರೀಕಾಲ್. ಯುರೋಪಿನಲ್ಲಿ ಮೊದಲು ಪರೀಕ್ಷೆ, ಆಮೇಲೆ ಮಾರಾಟ. ಆ ‘ಆಮೇಲೆ ರೀಕಾಲ್’ ಹೇಗಿರುತ್ತದೆ ಎನ್ನುವುದಕ್ಕೆ 2022ರ ಶುರುವಿನ ಒಂದು ಉದಾಹರಣೆ. ಎಲ್ಲರೂ ಪೂರ್ತಿ ನಿಲ್ಲಬೇಕಾದ ಸ್ಟಾಪ್ ಫಲಕದ ಬಳಿ ನಿಲ್ಲದೆ, ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಜಾರಿಕೊಂಡು ಹೋಗುವಂತೆ ಈ ಸಾಫ್ಟ್‌ವೇರನ್ನು ಬೇಕೆಂದೇ ರೂಪಿಸಲಾಗಿತ್ತು. ಸುಮಾರು 54,000 ಕಾರುಗಳಲ್ಲಿ ಅದನ್ನು ತೆಗೆಸಬೇಕಾಯಿತು. ಬಗ್ ಅಲ್ಲ ಸ್ವಾಮಿ, ಫೀಚರ್! ರಸ್ತೆ ದಾಟುವವರನ್ನು ಯಾರೂ ಈ ಬೀಟಾಗೆ ಸೈನ್ ಅಪ್ ಮಾಡ್ತೀರಾ ಅಂತ ಕೇಳಿರಲಿಲ್ಲ.

‘ಯುರೋಪು ಹೊಸದನ್ನು ಬಿಡುವುದೇ ಇಲ್ಲ’ ಎಂಬ ವಾದಕ್ಕೂ ಒಂದು ತೊಡಕಿದೆ. ಜರ್ಮನಿಯಲ್ಲಿ 2022ರಿಂದಲೇ ಮರ್ಸಿಡಿಸ್ ತನ್ನ ‘ಡ್ರೈವ್ ಪೈಲಟ್’ ಮಾರಿತು. ಹೆದ್ದಾರಿಯ ದಟ್ಟಣೆಯಲ್ಲಿ, 60 ಕಿ.ಮೀ. ವೇಗದವರೆಗೆ, ಚಾಲಕ ರಸ್ತೆಯಿಂದ ಕಣ್ಣು ತೆಗೆಯಬಹುದಿತ್ತು. ಆ ಹೊತ್ತಿನಲ್ಲಿ ಓಡಿಸುತ್ತಿರುವುದು ಕಾರೇ ಎಂದು ಕಂಪನಿ ಒಪ್ಪಿಕೊಂಡಿತ್ತು. ಸೀಮಿತ, ದುಬಾರಿ, ವಿಡಿಯೋ ಮಾಡಿದರೆ ಯಾರೂ ನೋಡದಷ್ಟು ಬೋರಿಂಗ್. ಆದರೆ ಅನುಮತಿ ಸಿಕ್ಕಿತು. ಟೆಸ್ಲಾದ್ದು ಊರೊಳಗಿನ ಗಲ್ಲಿಯಲ್ಲೂ ತಿರುಗುತ್ತದೆ, ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಆದರೆ ಗುದ್ದಿದರೆ ಹೊಣೆ ಸೀಟಿನಲ್ಲಿ ಕೂತವನದು. ಹೆಸರಲ್ಲಿ ‘ಫುಲ್’ ಇಟ್ಟುಕೊಂಡು ಹೊಣೆಯಲ್ಲಿ ಸೊನ್ನೆ ಇಟ್ಟುಕೊಂಡವರನ್ನು ಅಧಿಕಾರಿ ನಾಲ್ಕು ಪ್ರಶ್ನೆ ಕೇಳಿದರೆ ಅದು ಅಡ್ಡಗಾಲೇ?

ಈ ಕಾಯುವಿಕೆಯಲ್ಲಿ ನನಗೆ ಬೇಸರ ತರಿಸುವುದು ಗ್ರಾಹಕ ಬದಲಾಗುವ ರೀತಿ. ಯುರೋಪಿನ ಅನುಮತಿಗೆ ಟೆಸ್ಲಾ ನೆದರ್‌ಲ್ಯಾಂಡ್ಸ್‌ನ ವಾಹನ ಪ್ರಾಧಿಕಾರವಾದ ಆರ್‌ಡಿಡಬ್ಲ್ಯೂ ಮೂಲಕ ಹೋಯಿತು. 2025ರ ನವೆಂಬರಿನಲ್ಲಿ, ಮುಂದಿನ ಫೆಬ್ರವರಿಗೆ ಅನುಮತಿ ಖಚಿತ ಎನ್ನುವ ಧಾಟಿಯಲ್ಲಿ ಪ್ರಚಾರ ಮಾಡಿ, ಅಭಿಮಾನಿಗಳು ಆ ಕಚೇರಿಗೆ ಧನ್ಯವಾದ ಹೇಳಲಿ ಎಂದು ಕರೆ ಹೋಯಿತು. ಕಚೇರಿ ಸ್ಪಷ್ಟನೆ ಕೊಡಬೇಕಾಯಿತು. ಅದು ಹೇಳಿದ್ದಿಷ್ಟು: ಫೆಬ್ರವರಿ ಎಂಬುದು ಪರೀಕ್ಷೆ ತೋರಿಸಬೇಕಾದ ಗಡುವು, ಆಗುತ್ತದೋ ಇಲ್ಲವೋ ನೋಡಬೇಕು, ದಯವಿಟ್ಟು ಫೋನ್ ಮಾಡಬೇಡಿ, ಇದರಿಂದ ನಮ್ಮ ಸಿಬ್ಬಂದಿಯ ಸಮಯ ಹಾಳು, ತೀರ್ಮಾನವೇನೂ ಬದಲಾಗದು. ದುಡ್ಡು ಕೊಟ್ಟವನು ಮಾರಿದವನನ್ನು ‘ಎಲ್ಲಪ್ಪಾ ನನ್ನ ಮಾಲು’ ಅಂತ ಕೇಳಬೇಕಿತ್ತು. ಅವನು ಮಾರಿದವನ ಪರವಾಗಿ ಸರ್ಕಾರಿ ಕಚೇರಿಗೆ ಫೋನ್ ಹಚ್ಚುತ್ತಿದ್ದ.

ಇಷ್ಟರಲ್ಲಿ ಕಾರಿಗೂ ವಯಸ್ಸಾಗುತ್ತದೆ. ಹಳೆಯ ಮೂರನೇ ತಲೆಮಾರಿನ ಕಂಪ್ಯೂಟರ್ ಸಾಲದು, ಈ ಸೌಲಭ್ಯ ಕೊಂಡವರಿಗೆ ಬದಲಿಸಿಕೊಡಬೇಕಾಗುತ್ತದೆ ಎಂದು ಮಸ್ಕ್ ಅವರೇ 2025ರ ಜನವರಿಯಲ್ಲಿ ಒಪ್ಪಿದರು. ಆಸ್ಟ್ರೇಲಿಯಾದಲ್ಲಿ ಕೊನೆಗೂ ಬಂದಾಗ ಅದು ಸಿಕ್ಕಿದ್ದು ಹೊಸ ಕಂಪ್ಯೂಟರ್ ಇರುವ ಕಾರುಗಳಿಗೆ. 2019ರಲ್ಲಿ ಎಲ್ಲರಿಗಿಂತ ಮೊದಲು ನಂಬಿದವರು ಸಾಲಿನ ಕೊನೆಯಲ್ಲಿ ನಿಂತರು.

ನಮಗ್ಯಾಕೆ ಇದೆಲ್ಲ ಅನ್ನಬೇಡಿ. 2025ರ ಜುಲೈನಲ್ಲಿ ಮುಂಬೈಯಲ್ಲಿ ಮಳಿಗೆ ತೆರೆದಾಗ ಮಾಡೆಲ್ ವೈ ಬೆಲೆ 59.89 ಲಕ್ಷ, ಅದರ ಪಕ್ಕದಲ್ಲೇ ಈ ಸೌಲಭ್ಯಕ್ಕೆ ಇನ್ನೂ 6 ಲಕ್ಷ. ತಿಂಗಳಿಗೆ 25,000ದಂತೆ ಎರಡು ವರ್ಷ ಡ್ರೈವರ್ ಇಟ್ಟುಕೊಳ್ಳುವ ದುಡ್ಡು, ಅವನಾದರೆ ಸಿಲ್ಕ್ ಬೋರ್ಡ್‌ನಲ್ಲೂ ಓಡಿಸುತ್ತಾನೆ. ಚಾಲಕರ ಕೆಲಸ ಹೋಗುತ್ತದೆ, ಚಾಲಕರಿಲ್ಲದ ಕಾರನ್ನು ಬಿಡೆವು ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಪದೇ ಪದೇ ಹೇಳಿದ್ದಾರೆ. ಆದರೂ ಆಯ್ಕೆಯ ಬಾಕ್ಸ್ ಅಲ್ಲೇ ಇತ್ತು, ಟಿಕ್ ಮಾಡಿದರೆ ಮೊತ್ತ ಏರುತ್ತಿತ್ತು. 2016ರಲ್ಲಿ ಮಾಡೆಲ್ 3ಕ್ಕೆ ಸಾವಿರ ಡಾಲರ್ ಕಟ್ಟಿ ಕಾದ ಭಾರತೀಯರಿಗೆ ಆ ಮುಂಗಡ ವಾಪಸ್ ಕೊಡಲು ಶುರು ಮಾಡಿದ್ದೂ ಅದೇ 2025ರಲ್ಲಿ, ಮಳಿಗೆ ತೆರೆಯುವ ಸ್ವಲ್ಪ ಮೊದಲು.