‘ಗ್ಲಿಯಾ’ ಶಬ್ದದ ಅರ್ಥವಿಚಾರ

ಶಾಸ್ತ್ರಗ್ರಂಥಗಳಲ್ಲಿ ರೂಪಕಕ್ಕೆ ಎಡೆಯಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಶಾಸ್ತ್ರಕಾರನು ಹೊಸ ವಸ್ತುವನ್ನು ಕಂಡಾಗಲೂ ಹೆಸರಿಡುವುದು ಹಳೆಯ ಮಾತಿನಿಂದಲೇ. ಆ ಹೆಸರಿನಲ್ಲಿ ಅಡಗಿದ ಹೋಲಿಕೆಯು ಮುಂದಿನವರ ದೃಷ್ಟಿಯನ್ನು ಬಹುಕಾಲ ಕಟ್ಟಿಹಾಕುವುದುಂಟು. ಇದಕ್ಕೆ ‘ಗ್ಲಿಯಾ’ ಎಂಬ ಶಬ್ದವು ತಕ್ಕ ನಿದರ್ಶನವಾಗಿದೆ.

ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ನರಗಳ ನಡುವಣ ದ್ರವ್ಯಕ್ಕೆ ರುಡಾಲ್ಫ್ ಫಿರ್ಖೋ ಎಂಬ ಜರ್ಮನ್ ವೈದ್ಯನು 1856ರಲ್ಲಿ ‘ನ್ಯೂರೋಗ್ಲಿಯಾ’ ಎಂದು ಹೆಸರಿಟ್ಟನು. ಅದಕ್ಕೆ ಐದು ವರ್ಷ ಮೊದಲೇ ಹೈನ್ರಿಖ್ ಮ್ಯುಲ್ಲರನು ಕಣ್ಣಿನ ಅಕ್ಷಿಪಟಲದಲ್ಲಿ ಅದರ ದಪ್ಪವನ್ನೆಲ್ಲ ಹಾದುನಿಂತ ತಂತುಗಳನ್ನು ವರ್ಣಿಸಿದ್ದನು. ಅವು ಗ್ಲಿಯಾ ಜಾತಿಗೆ ಸೇರಿದ ಜೀವಕೋಶಗಳು. ಅಂಟು ಎಂದ ಮೇಲೆ ಅದರ ಕೆಲಸ ಹಿಡಿದುಕೊಂಡಿರುವುದಷ್ಟೇ ಎಂಬ ಭಾವನೆಯು ಸಹಜವಾಗಿ ಬೇರೂರಿತು.

ವಸ್ತುಸ್ಥಿತಿ ಬೇರೆ. ಮ್ಯುಲ್ಲರ್ ಕೋಶಗಳು ನರಕೋಶಗಳು ಹೊರಚೆಲ್ಲಿದ ಗ್ಲುಟಮೇಟನ್ನು ಹೀರಿ ತೆಗೆಯುತ್ತವೆ. ನೀರು, ಪೊಟ್ಯಾಸಿಯಂಗಳ ಸಮತೋಲವನ್ನು ಕಾಯುತ್ತವೆ. ಬೆಳಕನ್ನು ಅಕ್ಷಿಪಟಲದ ಹಿಂಬದಿಗೆ ಸಾಗಿಸುವ ನಾಳಗಳಂತೆಯೂ ವರ್ತಿಸುತ್ತವೆಂದು 2007ರಲ್ಲಿ ತೋರಿಸಲಾಯಿತು. ರೋಗದಲ್ಲಿ ಇವುಗಳ ನಡತೆ ಇಬ್ಬಗೆಯಾಗುತ್ತದೆ. ಪೆಟ್ಟುಬಿದ್ದ ನರಕೋಶಗಳಿಗೆ ಪೋಷಕದ್ರವ್ಯಗಳನ್ನು ಒದಗಿಸುವ ಕೋಶಗಳೇ, ಮಧುಮೇಹದ ಅಕ್ಷಿರೋಗದಲ್ಲಿ ರಕ್ತನಾಳಗಳನ್ನು ಸೋರಿಸುವ, ಅನುಚಿತವಾಗಿ ಚಿಗುರಿಸುವ ವಸ್ತುವನ್ನು ಸ್ರವಿಸುತ್ತವೆ. ಅಕ್ಷಿಪಟಲವು ಕಳಚಿದಾಗ ಇತರ ಕೋಶಗಳೊಡನೆ ಕೂಡಿ ಪೊರೆಗಟ್ಟಿ, ಸಂಕುಚಿಸಿ, ಅದನ್ನು ಮತ್ತೆ ಸೆಳೆದು ಕೀಳುವುದೂ ಉಂಟು. ಅಂಟೆಂಬ ಹೆಸರು ಆರೋಗ್ಯಕ್ಕಿಂತ ರೋಗಕ್ಕೇ ಹೆಚ್ಚು ಒಪ್ಪುವುದೆಂಬುದು ಸೋಜಿಗವಲ್ಲವೆ! ಗಾಯಗೊಂಡ ಜೀಬ್ರಾಮೀನಿನಲ್ಲಾದರೋ ಇದೇ ಕೋಶಗಳಿಂದ ಹೊಸ ನರಕೋಶಗಳು ಹುಟ್ಟುತ್ತವೆ; ಮನುಷ್ಯನಿಗೆ ಆ ಭಾಗ್ಯವಿಲ್ಲ.

ಹೀಗಿರಲು ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು? ‘ಅಂಟುಕೋಶ’ವೆಂದರೆ ಹಳೆಯ ಭ್ರಾಂತಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ಹೊಸದಾಗಿ ಕಲಿಸಿದಂತಾಯಿತು. ‘ಪೋಷಕಕೋಶ’ವೆಂದರೆ ಅದರ ಉಪಕಾರವಷ್ಟೇ ತೋರಿ ಅಪಕಾರವು ಮರೆಯಾಗುವುದು. ‘ಸ್ನೇಹಕೋಶ’ವೆಂಬುದು ಮನೋಹರವೇ, ಜಿಗುಟು, ಒಲವು ಎರಡೂ ಅದರಲ್ಲಿವೆ. ಆದರೆ ಮನೋಹರವಾದದ್ದೆಲ್ಲ ನಿರ್ದುಷ್ಟವಲ್ಲ.

ಆಲಂಕಾರಿಕರು ರೂಢಿಲಕ್ಷಣೆಗೆ ‘ಕುಶಲ’ ಶಬ್ದವನ್ನು ಉದಾಹರಿಸುತ್ತಾರೆ. ದರ್ಭೆ ಕೊಯ್ಯುವವನೆಂಬ ವ್ಯುತ್ಪತ್ತಿಯನ್ನು ನೆನೆಯದೆಯೇ ನಾವು ಅದನ್ನು ಬಳಸುತ್ತೇವೆ. ಗ್ರೀಕ್ ಬಲ್ಲ ಐರೋಪ್ಯನಿಗೆ ‘ಗ್ಲಿಯಾ’ದಲ್ಲಿ ಅಂಟು ಇನ್ನೂ ಕಾಣಬಹುದು, ಕನ್ನಡಿಗನಿಗೆ ಅದು ಬರಿಯ ಸಂಕೇತ. ಅರ್ಥ ಹೊಳೆಯದ ಪದವು ಓದುಗನಿಗೆ ತೊಡಕೆಂಬ ಆಕ್ಷೇಪವು ನಿಜ. ಮೊದಲ ಪ್ರಯೋಗದಲ್ಲಿ ಒಂದು ವಾಕ್ಯದ ವಿವರಣೆಯಿಂದ ಅದು ಪರಿಹಾರವಾಗುತ್ತದೆ. ತಪ್ಪು ಅರ್ಥವು ಹೊಳೆಯುವ ಪದಕ್ಕೆ ಅಂತಹ ಪರಿಹಾರವಿಲ್ಲ. ಆದಕಾರಣ ‘ಗ್ಲಿಯಾ’ವನ್ನು ಹಾಗೆಯೇ ಉಳಿಸಿಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.