ಮೀಕಾಯೇಲನ ಹೆಸರು, ಕ್ರಿಸ್ತನ ಪಟ್ಟ

ಯೇಸುವೂ ಪ್ರಧಾನದೂತ ಮೀಕಾಯೇಲನೂ ಒಬ್ಬನೇ ಎಂಬ ಮಾತು ಕಿವಿಗೆ ಬಿದ್ದೊಡನೆ ಹೆಚ್ಚಿನ ಕ್ರೈಸ್ತರು ಅದನ್ನು ಯೆಹೋವನ ಸಾಕ್ಷಿಗಳ ಖಾತೆಗೆ ಬರೆದು ಸುಮ್ಮನಾಗುತ್ತಾರೆ. ನಮ್ಮಲ್ಲಿ ಹೀಗಾಗುವುದು ಸಹಜ. ಅವರ ‘ಕಾವಲಿನಬುರುಜು’ ಪತ್ರಿಕೆ ಕನ್ನಡದಲ್ಲೇ ಬರುತ್ತದೆ, ಅವರ ಭಾರತದ ಶಾಖಾ ಕಚೇರಿ ಬೆಂಗಳೂರಿನಲ್ಲೇ ಇದೆ, ಈ ಬೋಧನೆಯನ್ನು ಮನೆ ಬಾಗಿಲಿಗೆ ಹೊತ್ತು ತರುವವರೂ ಅವರೇ. ಆದರೆ ಜಿನೀವಾದ ಜಾನ್ ಕ್ಯಾಲ್ವಿನ್ ದಾನಿಯೇಲನ ಗ್ರಂಥದ ಮೇಲೆ ಕೊಟ್ಟು, 1561ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಮೀಕಾಯೇಲನೆಂದರೆ ಕ್ರಿಸ್ತನೇ ಎನ್ನುವವರ ಪಕ್ಷ ಹಿಡಿದಿದ್ದಾನೆ. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಪಂಡಿತ ಜಾನ್ ಗಿಲ್, ಮನೆಮನೆಗಳಲ್ಲಿ ಓದಿಸಿಕೊಂಡ ವ್ಯಾಖ್ಯಾನಕಾರ ಮ್ಯಾಥ್ಯೂ ಹೆನ್ರಿ, ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಸಾಂಪ್ರದಾಯಿಕ ಲೂಥೆರನ್ ನಿಲುವಿನ ಕಾವಲುಗಾರನಂತಿದ್ದ ಹೆಂಗ್‌ಸ್ಟೆನ್‌ಬರ್ಗ್, ಇವರೆಲ್ಲ ಅದೇ ಸಾಲಿನವರು. ಇವರಲ್ಲಿ ಒಬ್ಬನೂ ಕ್ರಿಸ್ತನ ದೈವತ್ವವನ್ನು ಕೂದಲೆಳೆಯಷ್ಟೂ ಬಿಟ್ಟುಕೊಟ್ಟವನಲ್ಲ.

ಹಾಗಾದರೆ ಈ ಸಮೀಕರಣ ಒಂದು ಸಿದ್ಧಾಂತವೇ ಅಲ್ಲ. ಎದುರುಬದುರಾದ ಎರಡು ಸಿದ್ಧಾಂತಗಳು ಒಂದೇ ವಾಕ್ಯವನ್ನು ಆಡುತ್ತಿವೆ. ಕ್ಯಾಲ್ವಿನ್ ಮೀಕಾಯೇಲನನ್ನು ದೂತರ ಸಾಲಿನಿಂದ ಎತ್ತಿ ಸೃಷ್ಟಿಕರ್ತನ ಕಡೆಗೆ ತರುತ್ತಾನೆ. ಯೆಹೋವನ ಸಾಕ್ಷಿಗಳು ಕ್ರಿಸ್ತನನ್ನು ಸೃಷ್ಟಿಕರ್ತನ ಕಡೆಯಿಂದ ದೂತರ ಸಾಲಿಗೆ ತರುತ್ತಾರೆ. ಈ ಪರಂಪರೆಯನ್ನು ತೂಗುವವರು ಮೊದಲು ಆ ದಿಕ್ಕನ್ನು ಕೇಳಬೇಕು. ಆಮೇಲೆ ಎರಡೂ ದಿಕ್ಕಿನವರನ್ನು ಮೂಲಪಾಠದ ಮುಂದೆ ನಿಲ್ಲಿಸಬೇಕು.

ಮೂಲಪಾಠದಲ್ಲಿ ಆಧಾರ ಬಹಳ ತೆಳ್ಳಗಿದೆ. ಮೀಕಾಯೇಲನ ಹೆಸರು ಬರುವುದು ಒಟ್ಟು ಐದು ಸಲ: ದಾನಿಯೇಲನಲ್ಲಿ ಮೂರು, ಯೂದನ ಪತ್ರಿಕೆಯಲ್ಲಿ ಒಂದು, ಪ್ರಕಟನೆಯಲ್ಲಿ ಒಂದು. ಪ್ರಧಾನದೂತ ಎಂಬ ಪದವಿ ಹೊಸ ಒಡಂಬಡಿಕೆಯಲ್ಲಿ ಕಾಣಿಸುವುದು ಎರಡೇ ಕಡೆ, ಯೂದನಲ್ಲಿ ಮತ್ತು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ. ಇಷ್ಟು ಕಡಿಮೆ ಸಾಮಗ್ರಿಯ ಮೇಲೆ ಇಷ್ಟು ದೊಡ್ಡ ವಾದ ಎದ್ದು ನಿಂತಿದೆಯೆಂದರೆ ಅದರ ಬಲ ಬೇರೆ ಕಡೆಯಿಂದ ಬಂದಿರಬೇಕು.

ಆ ಬಲ ಬಂದದ್ದು ಆದಿ ಸಭೆಯ ಭಾಷೆಯಿಂದ. ಹೀಬ್ರೂವಿನಲ್ಲಾಗಲಿ ಗ್ರೀಕಿನಲ್ಲಾಗಲಿ ದೂತನೆಂದರೆ ಕಳುಹಿಸಲ್ಪಟ್ಟವನು. ಅದು ಕೆಲಸದ ಹೆಸರು, ಸ್ವಭಾವದ ಹೆಸರಲ್ಲ. ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞಾನಿ ಫಿಲೋ ದೇವರ ವಾಕ್ಯವನ್ನೇ ಪ್ರಧಾನದೂತನೆಂದು ಕರೆದಿದ್ದ. ಯೆಶಾಯನ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟಲಿರುವ ಮಗುವಿನ ಬಿರುದುಗಳನ್ನು ಗ್ರೀಕ್ ಅನುವಾದಕರು ಮಹಾ ಆಲೋಚನೆಯ ದೂತ ಎಂಬ ಒಂದೇ ಹೆಸರಿಗೆ ಇಳಿಸಿದ್ದರು. ಎರಡನೆಯ ಶತಮಾನದಲ್ಲಿ ಹುತಾತ್ಮ ಜಸ್ಟಿನ್, ಅಬ್ರಹಾಮನ ಗುಡಾರಕ್ಕೆ ಬಂದವನೂ ಮೋಶೆಗೆ ಉರಿಯುವ ಪೊದೆಯಲ್ಲಿ ಕಾಣಿಸಿಕೊಂಡವನೂ ಕ್ರಿಸ್ತನೇ, ತಂದೆಯ ಸಂದೇಶ ತರುವುದರಿಂದ ಅವನು ದೂತ ಎಂದು ಯಾವ ಅಳುಕೂ ಇಲ್ಲದೆ ವಾದಿಸಿದ. ಕ್ರೈಸ್ತರು ಯಾರನ್ನು ಗೌರವಿಸುತ್ತಾರೆಂದು ಹೇಳುವಾಗ ತಂದೆ, ಮಗ, ಒಳ್ಳೆಯ ದೂತರ ಸಮೂಹ, ಪ್ರವಾದನೆಯ ಆತ್ಮ ಎಂದು ಒಂದೇ ಉಸಿರಿನಲ್ಲಿ ಎಣಿಸಿದವನೂ ಅವನೇ. ರೋಮಿನಲ್ಲಿ ಬರೆಯಲಾದ ಹೆರ್ಮಸನ ‘ಕುರುಬ’ ಇನ್ನೂ ತೊಡಕಿನದು. ಅದರ ಎಂಟನೆಯ ಸಾಮ್ಯದಲ್ಲಿ ಮಹಿಮೆಯುಳ್ಳ ಎತ್ತರದ ದೂತನನ್ನು ಮೀಕಾಯೇಲನೆಂದು ಹೆಸರಿಸಿ, ದೇವಜನರ ಮೇಲಿನ ಅಧಿಕಾರವನ್ನು ಅವನ ಕೈಗೆ ಕೊಟ್ಟಿದೆ. ಒಂಬತ್ತನೆಯ ಸಾಮ್ಯದಲ್ಲಿ ಅಂಥದ್ದೇ ಎತ್ತರದ, ಅಂಥದ್ದೇ ಮಹಿಮೆಯ ಪುರುಷನೊಬ್ಬ ಬರುತ್ತಾನೆ, ಅವನು ದೇವಕುಮಾರ. ಇಬ್ಬರ ನಡುವಿನ ಗೆರೆ ಎಲ್ಲಿದೆಯೆಂದು ಹೆರ್ಮಸ್ ಹೇಳುವುದಿಲ್ಲ. ಈ ಪುಸ್ತಕವನ್ನು ಕೆಲವು ಸಭೆಗಳು ಪವಿತ್ರಗ್ರಂಥದ ಜೊತೆಗೇ ಇಟ್ಟು ಓದುತ್ತಿದ್ದವು. ಸೀನಾಯಿ ಹಸ್ತಪ್ರತಿಯಲ್ಲಿ ಇದೂ ಸೇರಿದೆ.

1941ರಲ್ಲಿ ಮಾರ್ಟಿನ್ ವೆರ್ನರ್ ಎಂಬ ವಿದ್ವಾಂಸ ಇಂಥ ಸಾಕ್ಷ್ಯಗಳನ್ನೆಲ್ಲ ಕೂಡಿಸಿ, ಆದಿ ಕ್ರೈಸ್ತರಿಗೆ ಕ್ರಿಸ್ತ ಎಂದರೆ ಉನ್ನತ ದೂತನೇ ಆಗಿದ್ದ, ದೈವತ್ವ ಆಮೇಲಿನ ಬೆಳವಣಿಗೆ ಎಂದು ಸಾಧಿಸಲು ಹೊರಟ. ಮರುವರ್ಷವೇ ವಿಲ್ಹೆಲ್ಮ್ ಮಿಖಾಯೆಲಿಸ್ ಅದನ್ನು ಖಂಡಿಸಿ ಬರೆದ. ಆ ಚರ್ಚೆ ಹಾಗೇ ತಣ್ಣಗಾಗಿತ್ತು. 1988ರಲ್ಲಿ ಲ್ಯಾರಿ ಹುರ್ಟಾಡೊ ಪ್ರಶ್ನೆಯನ್ನೇ ಬದಲಿಸಿದರು. ದೇವರ ಬಲಗೈಯಂಥ ಮಹಾದೂತನ ಕಲ್ಪನೆ ಯೆಹೂದಿಗಳಲ್ಲಿ ಹೇರಳವಾಗಿತ್ತು, ಕ್ರಿಸ್ತನ ಬಗ್ಗೆ ಮಾತಾಡಲು ಆ ಭಾಷೆ ನೆರವಾಯಿತು ಎಂದು ಅವರು ಒಪ್ಪುತ್ತಾರೆ. ಆದರೆ ಆ ದೂತರಲ್ಲಿ ಯಾರಿಗೂ ಸಭೆ ಸೇರಿ ಸ್ತುತಿ ಹಾಡಿದ, ಯಾರ ಹೆಸರಿನಲ್ಲೂ ದೀಕ್ಷಾಸ್ನಾನ ಕೊಟ್ಟ, ಯಾರ ಸ್ಮರಣೆಗೂ ಊಟ ಹಂಚಿದ ಉದಾಹರಣೆ ಇಲ್ಲ. ಕ್ರಿಸ್ತನಿಗೆ ಇವೆಲ್ಲ ಮೊದಲ ಕೆಲವೇ ದಶಕಗಳಲ್ಲಿ ಸಂದವು. ಈ ವಾದ ನನಗೆ ಸರಿ ಕಾಣುತ್ತದೆ. ಜಸ್ಟಿನ್ ದೂತ ಎಂಬ ಮಾತು ಬಳಸಿದನೆಂದು ಎಣಿಸುವವರು ಅವನ ಸಭೆ ಭಾನುವಾರ ಏನು ಮಾಡುತ್ತಿತ್ತೆಂಬುದನ್ನೂ ಎಣಿಸಬೇಕು.

ನಾಲ್ಕನೆಯ ಶತಮಾನದಲ್ಲಿ ಆರಿಯಸ್ ಮಗನೂ ಸೃಷ್ಟಿಯೇ ಎಂದ ಮೇಲೆ ಹಳೆಯ ಸಲೀಸು ಭಾಷೆ ಅಪಾಯದ ಭಾಷೆಯಾಯಿತು. 325ರ ನೈಸೀಯ ಸಭೆಯ ನಂತರ ಅಥನೇಸಿಯಸ್ ಇಬ್ರಿಯರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ ಹಿಡಿದು, ಮಗನೂ ದೂತರೂ ಹೆಚ್ಚು ಕಡಿಮೆ ಎಂದು ಹೋಲಿಸಬಹುದಾದ ಒಂದೇ ಜಾತಿಯವರಲ್ಲ ಎಂದು ಉದ್ದಕ್ಕೂ ವಾದಿಸಿದ. ಅಗಸ್ಟೀನ್ ತನ್ನ ತ್ರಿಯೇಕತ್ವದ ಗ್ರಂಥದಲ್ಲಿ ಹಳೆಯ ಒಡಂಬಡಿಕೆಯ ದರ್ಶನಗಳನ್ನೇ ಸೃಷ್ಟಿಸಲ್ಪಟ್ಟ ದೂತರ ಮೂಲಕ ನಡೆದವೆಂದು ವಿವರಿಸಿದ. ಇತ್ತ ಜನರ ಭಕ್ತಿಯಲ್ಲಿ ಮೀಕಾಯೇಲ ತನ್ನದೇ ಆಸ್ತಿ ಕಟ್ಟಿಕೊಂಡಿದ್ದ. ಫ್ರುಗ್ಯದ ಕಡೆ ಅವನ ಪ್ರಾರ್ಥನಾಲಯಗಳು ಇನ್ನೂ ಉಳಿದಿವೆಯೆಂದು ಐದನೆಯ ಶತಮಾನದಲ್ಲಿ ಥಿಯೊಡೊರೆಟ್ ಆಕ್ಷೇಪಿಸುತ್ತಾನೆ. ಇಟಲಿಯ ಗರ್ಗಾನೊ ಗುಹೆ, ಫ್ರಾನ್ಸಿನ ಮೋಂ ಸೇಂ ಮಿಶೆಲ್, ಸೆಪ್ಟೆಂಬರ್ 29ರ ಹಬ್ಬ. ತನ್ನದೇ ಗುಡಿ, ತನ್ನದೇ ಹಬ್ಬ ಇರುವವನನ್ನು ಇನ್ನೊಬ್ಬನೆಂದು ಹೇಳುವುದು ಕಷ್ಟ. ಕಥೊಲಿಕ್ ಮತ್ತು ಆರ್ಥೊಡಾಕ್ಸ್ ಲೋಕದಲ್ಲಿ ಸಮೀಕರಣ ಬೇರೂರದಿರಲು ಸಿದ್ಧಾಂತದಷ್ಟೇ ಈ ಗುಡಿಗಳೂ ಕಾರಣವೆಂದು ನನ್ನ ಅಂದಾಜು. ಸುಧಾರಣಾವಾದಿಗಳು ಸಂತರ, ದೂತರ ಮಧ್ಯಸ್ಥಿಕೆಯನ್ನು ಕಿತ್ತುಹಾಕಿದಾಗ ಮೀಕಾಯೇಲನ ಹೆಸರು ವಾರಸುದಾರರಿಲ್ಲದೆ ಉಳಿಯಿತು. ಸಭೆಯನ್ನು ಕಾಯುವವನು ಕ್ರಿಸ್ತನೊಬ್ಬನೇ ಎಂದ ಮೇಲೆ, ದಾನಿಯೇಲನಲ್ಲಿ ದೇವಜನರ ಪರ ನಿಲ್ಲುವ ಮಹಾಪಾಲಕ ಮತ್ತಾರು? ಕ್ಯಾಲ್ವಿನ್ ಹತ್ತನೆಯ ಅಧ್ಯಾಯದಲ್ಲಿ ಈ ಅರ್ಥಕ್ಕೆ ತನ್ನ ಅಡ್ಡಿಯಿಲ್ಲ ಎನ್ನುವಷ್ಟಕ್ಕೆ ನಿಂತು, ಹನ್ನೆರಡನೆಯ ಅಧ್ಯಾಯಕ್ಕೆ ಬಂದಾಗ ಅದನ್ನೇ ಅಪ್ಪಿಕೊಳ್ಳುತ್ತಾನೆ. ಆ ಹಿಂಜರಿಕೆ ಅವನ ಪ್ರಾಮಾಣಿಕತೆಯ ಗುರುತು, ಏಕೆಂದರೆ ತೊಡಕು ಇರುವುದು ಹತ್ತನೆಯ ಅಧ್ಯಾಯದಲ್ಲೇ.

ಅಲ್ಲಿ ಮೀಕಾಯೇಲ ಪ್ರಧಾನ ಪಾಲಕರಲ್ಲಿ ಒಬ್ಬ. ಒಬ್ಬನೇ ಅಲ್ಲ, ಹಲವರಲ್ಲಿ ಒಬ್ಬ. ಈ ಒಂದು ಪದ ಎರಡೂ ಪಕ್ಷದವರ ಕಾಲಿಗೆ ತೊಡರುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ ನಾರುಬಟ್ಟೆ ಉಟ್ಟು, ಬಂಗಾರದ ನಡುಕಟ್ಟು ಕಟ್ಟಿಕೊಂಡ, ಕಣ್ಣು ದೀಪದಂತೆ ಉರಿಯುವ ಪುರುಷನೊಬ್ಬ ದಾನಿಯೇಲನಿಗೆ ಕಾಣಿಸುತ್ತಾನೆ. ಪ್ರಕಟನೆಯ ಮೊದಲ ಅಧ್ಯಾಯದಲ್ಲಿ ಯೋಹಾನ ಕ್ರಿಸ್ತನನ್ನು ವರ್ಣಿಸುವಾಗ ಬಳಸುವುದು ಬಹುಮಟ್ಟಿಗೆ ಇವೇ ಬಣ್ಣಗಳನ್ನು. ದಾನಿಯೇಲ 10ರಲ್ಲಿ ಕ್ರಿಸ್ತನನ್ನು ಹುಡುಕುವವರಿಗೆ ಸಿಗಬೇಕಾದವನು ಆ ಪುರುಷ, ಮೀಕಾಯೇಲನಲ್ಲ.

ಸಮೀಕರಣದ ಪರವಾಗಿ ನನಗೆ ನಿಜಕ್ಕೂ ಭಾರವೆನಿಸುವ ಮಾತು ಬರುವುದು ಭಕ್ತರಿಂದಲ್ಲ, ಇತಿಹಾಸ ವಿಮರ್ಶಕರಿಂದ. ದಾನಿಯೇಲ 7ರಲ್ಲಿ ಮೇಘಗಳ ಮೇಲೆ ಬರುವ ಮನುಷ್ಯಕುಮಾರನಂಥವನು ಮೂಲದಲ್ಲಿ ಮೀಕಾಯೇಲನೇ ಎಂದು ಜಾನ್ ಕಾಲಿನ್ಸ್ ವಾದಿಸಿದ್ದಾರೆ. ಆ ಗ್ರಂಥದಲ್ಲಿ ಪ್ರತಿ ರಾಜ್ಯಕ್ಕೂ ಮೇಲೊಬ್ಬ ಪಾಲಕನಿದ್ದಾನೆ, ಇಸ್ರಾಯೇಲಿನ ಪಾಲಕ ಮೀಕಾಯೇಲ. ಮಹಾಯಾಜಕನ ಮುಂದೆ ಯೇಸು ತನ್ನ ಬಗ್ಗೆ ಹೇಳಿಕೊಂಡದ್ದು ಇದೇ ದರ್ಶನದ ಮಾತಿನಲ್ಲಿ. ಸಾಂಪ್ರದಾಯಿಕರು ಈ ವಾದಕ್ಕೆ ಉತ್ತರ ಕೊಡದೆ ದಾಟಿಹೋಗುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಉತ್ತರ ಇಷ್ಟು: ಕಾಲಿನ್ಸ್ ಹೇಳಿದ್ದು ಸರಿಯೆಂದೇ ಇಟ್ಟುಕೊಂಡರೂ, ಸುವಾರ್ತೆಗಳಲ್ಲಿ ಆ ದರ್ಶನಕ್ಕೆ ಕೀರ್ತನೆ 110ರ ಬಲಗಡೆಯ ಆಸನ ಸೇರಿಕೊಂಡಿದೆ. ಆ ಆಸನದಲ್ಲಿ ಕುಳಿತ ದೂತ ಒಬ್ಬನೂ ಇಲ್ಲವೆಂಬುದೇ ಇಬ್ರಿಯರ ಪತ್ರಿಕೆಯ ಮೊದಲ ಅಧ್ಯಾಯದ ವಾದ.

ಈ ಸಮೀಕರಣವನ್ನು ಇಂದಿಗೂ ಬೋಧಿಸುವ ಅಡ್ವೆಂಟಿಸ್ಟ್ ಸಭೆಯವರೂ ಕ್ಯಾಲ್ವಿನನ ದಿಕ್ಕಿನವರೇ, ಆದರೆ ಅಲ್ಲಿಗೆ ಬಂದದ್ದು ಸುತ್ತು ದಾರಿಯಲ್ಲಿ. 1863ರಲ್ಲಿ ಸಂಘಟಿತವಾದ ಈ ಸಭೆಯ ಮೊದಲ ನಾಯಕರಲ್ಲಿ ಹಲವರು ತ್ರಿಯೇಕತ್ವವನ್ನು ಒಪ್ಪಿದವರಲ್ಲ. ಯುರಾಯ ಸ್ಮಿತ್ 1865ರಲ್ಲಿ ಕ್ರಿಸ್ತನನ್ನು ಮೊದಲ ಸೃಷ್ಟಿಯೆಂದೇ ಬರೆದು ಆಮೇಲೆ ಸಡಿಲಿಸಿದ. ಸಭೆಯ ಸ್ಥಾಪಕರಲ್ಲೊಬ್ಬರಾದ ಎಲೆನ್ ವೈಟ್ ತಮ್ಮ ಬರಹಗಳಲ್ಲಿ ಮೀಕಾಯೇಲನ ಹೆಸರನ್ನು ಕೊನೆಯವರೆಗೂ ಉಳಿಸಿಕೊಂಡೇ ಕ್ರಿಸ್ತನ ನಿತ್ಯ ದೈವತ್ವವನ್ನು ಹೆಚ್ಚು ಹೆಚ್ಚು ಒತ್ತಿ ಹೇಳಿದರು. 1980ರ ವಿಶ್ವಾಸದ ಘೋಷಣೆಯಲ್ಲಿ ತ್ರಿಯೇಕತ್ವ ಸ್ಪಷ್ಟವಾಗಿದೆ. ಸಭೆಯೊಂದು ತನ್ನ ಓದನ್ನು ತಾನೇ ತಿದ್ದಿಕೊಂಡ ಈ ಚರಿತ್ರೆಗೆ ನನ್ನ ಗೌರವವಿದೆ.

ಯೆಹೋವನ ಸಾಕ್ಷಿಗಳ ಬೋಧನೆಯೂ ಒಂದೇ ದಿನ ಮೂಡಿದ್ದಲ್ಲ. ಚಾರ್ಲ್ಸ್ ರಸೆಲ್ 1879ರಲ್ಲಿ ಆರಂಭಿಸಿದ ಪತ್ರಿಕೆಯ ಮೊದಮೊದಲ ಬರಹವೊಂದು, ಎಲ್ಲ ದೂತರೂ ಮಗನನ್ನು ಆರಾಧಿಸಬೇಕಾದ ಮೇಲೆ ಮೀಕಾಯೇಲ ಮಗನಾಗಲಾರ ಎಂದು ವಾದಿಸಿತ್ತು. 1917ರಲ್ಲಿ ರಸೆಲ್‌ನ ಅನುಯಾಯಿಗಳು ಹೊರತಂದ ‘ಮುಗಿದ ರಹಸ್ಯ’ ಎಂಬ ಗ್ರಂಥ ಪ್ರಕಟನೆ 12ರ ಮೀಕಾಯೇಲನನ್ನು ಪೋಪ್ ಎಂದು ಅರ್ಥೈಸಿತ್ತು. ಇಂದಿನ ಬೋಧನೆಯಲ್ಲಿ ಅದೇ ಅಧ್ಯಾಯದ ಗಂಡುಮಗು 1914ರಲ್ಲಿ ಸ್ವರ್ಗದಲ್ಲಿ ಹುಟ್ಟಿದ ರಾಜ್ಯ. ರಾಜ್ಯ ಹುಟ್ಟಿದೊಡನೆ ಘಟಸರ್ಪವನ್ನು ಕೆಳಕ್ಕೆ ತಳ್ಳುವ ಮೀಕಾಯೇಲ, ಆಗ ಪಟ್ಟವೇರಿದ ಕ್ರಿಸ್ತ. 1914ರ ಈ ಗಣನೆಗೆ ಸಮೀಕರಣ ಬೇಕೇ ಬೇಕು. ಗಣನೆಯನ್ನು ಬದಿಗಿಟ್ಟು ಓದಿದರೆ, ದೇವರ ಸಿಂಹಾಸನದ ಬಳಿಗೆ ಒಯ್ಯಲ್ಪಟ್ಟ ಮಗು ಒಬ್ಬ, ಯುದ್ಧಕ್ಕಿಳಿದ ಮೀಕಾಯೇಲ ಇನ್ನೊಬ್ಬ ಎಂದೇ ಕಾಣುತ್ತದೆ.

ಅವರ ಮುಖ್ಯ ಆಧಾರ ಥೆಸಲೋನಿಕ ಪತ್ರಿಕೆ: ಕರ್ತನು ಪ್ರಧಾನದೂತನ ಧ್ವನಿಯೊಡನೆ ಇಳಿದುಬರುವನು, ಆದ್ದರಿಂದ ಅವನೇ ಪ್ರಧಾನದೂತ. ಅದೇ ವಾಕ್ಯದಲ್ಲಿ ಅವನು ದೇವರ ತುತೂರಿಯೊಡನೆಯೂ ಬರುತ್ತಾನೆ. ಆ ನಿಯಮ ಹಿಡಿದರೆ ದೇವರ ತುತೂರಿಯೊಡನೆ ಬರುವವನು ದೇವರೇ ಎಂದು ಒಪ್ಪಬೇಕಾಗುತ್ತದೆ, ಅದನ್ನು ಅವರು ಒಪ್ಪುವುದಿಲ್ಲ.

ಇನ್ನು ಯೂದನ ಒಂಬತ್ತನೆಯ ವಚನ. ಮೋಶೆಯ ದೇಹಕ್ಕಾಗಿ ಸೈತಾನನೊಡನೆ ವ್ಯಾಜ್ಯವಾದಾಗ ಮೀಕಾಯೇಲ ನಿಂದೆಯ ತೀರ್ಪು ಕೊಡಲು ಧೈರ್ಯ ಮಾಡದೆ, ಕರ್ತನೇ ನಿನ್ನನ್ನು ಗದರಿಸಲಿ ಎಂದಷ್ಟೇ ಹೇಳಿದ. ಈ ಕಥೆ ‘ಮೋಶೆಯ ಆರೋಹಣ’ ಎಂಬ ಯೆಹೂದಿ ಕೃತಿಯಿಂದ ಬಂದದ್ದೆಂದು ಒರಿಗೆನ್ ಹೇಳುತ್ತಾನೆ. ಅಡ್ವೆಂಟಿಸ್ಟರು ಇಲ್ಲಿ ಜೆಕರ್ಯನ ಮೂರನೆಯ ಅಧ್ಯಾಯವನ್ನು ತರುತ್ತಾರೆ. ಅಲ್ಲಿ ಯೆಹೋವನೇ ಸೈತಾನನಿಗೆ ಇದೇ ಮಾತು ಆಡುತ್ತಾನೆ, ಹಾಗಾಗಿ ಇಲ್ಲಿ ಆಡಿದವನೂ ದೈವವೇ ಎಂಬುದು ಅವರ ತರ್ಕ. ಹೋಲಿಕೆ ಚಂದವಾಗಿದೆ, ಆದರೆ ಅದು ಯೂದನ ವಾದವನ್ನೇ ಕೆಡಿಸುತ್ತದೆ. ತನ್ನ ಕಾಲದ ಕೆಲವರು ಮಹಾಪದವಿಯವರನ್ನು ನಾಲಿಗೆಗೆ ಬಂದಂತೆ ದೂಷಿಸುತ್ತಿದ್ದಾರೆಂಬುದು ಯೂದನ ದೂರು. ಅಷ್ಟು ದೊಡ್ಡ ದೂತನೇ ಮಿತಿ ಮೀರಲಿಲ್ಲ, ನೀವು ಯಾರು ಎಂಬುದು ಅವನ ಪೆಟ್ಟು. ಮೀಕಾಯೇಲನಿಗೆ ಮೇಲೊಬ್ಬ ಅಧಿಕಾರಿ ಇದ್ದರೆ ಮಾತ್ರ ಆ ಪೆಟ್ಟು ತಾಗುತ್ತದೆ. ಎಲ್ಲ ಅಧಿಕಾರವೂ ತನಗೆ ಕೊಡಲ್ಪಟ್ಟಿದೆ ಎಂದ ಕ್ರಿಸ್ತನನ್ನು ಅಲ್ಲಿ ನಿಲ್ಲಿಸಿದರೆ ವಾದ ಕುಸಿಯುತ್ತದೆ. ಇದೇ ವಾದವನ್ನು ಮರಳಿ ಹೇಳುವ ಪೇತ್ರನ ಎರಡನೆಯ ಪತ್ರಿಕೆ ಮೀಕಾಯೇಲನ ಹೆಸರನ್ನು ಬಿಟ್ಟು ಆ ಜಾಗದಲ್ಲಿ ದೂತರು ಎಂದು ಬಹುವಚನದಲ್ಲಿ ಬರೆಯುತ್ತದೆ. ಪ್ರಧಾನದೂತ ಬೈಬಲಿನಲ್ಲಿ ಎಂದೂ ಏಕವಚನ, ಆದ್ದರಿಂದ ಒಬ್ಬನೇ ಎಂಬ ಸಾಕ್ಷಿಗಳ ವಾದವೂ ಯೂದನ ಕೈಯಲ್ಲಿ ನಿಲ್ಲುವುದಿಲ್ಲ. ಐದು ವಚನ ದಾಟಿದರೆ ಅವನು ಹನೋಕನ ಗ್ರಂಥವನ್ನು ಉಲ್ಲೇಖಿಸುತ್ತಾನೆ, ಆ ಗ್ರಂಥದಲ್ಲಿ ಮೀಕಾಯೇಲ ಹಲವು ಮಹಾದೂತರಲ್ಲಿ ಒಬ್ಬ.

ಹೀಗೆ ಪಾಠದ ನ್ಯಾಯದಲ್ಲಿ ಎರಡು ಪಕ್ಷವೂ ಸೋಲುತ್ತವೆ. ಆದರೆ ಎರಡು ಸೋಲುಗಳ ಬೆಲೆ ಒಂದೇ ಅಲ್ಲ. ಕ್ಯಾಲ್ವಿನನದೋ ಅಡ್ವೆಂಟಿಸ್ಟರದೋ ತಪ್ಪನ್ನು ತೆಗೆದುಹಾಕಿದರೆ ಅವರ ಕ್ರಿಸ್ತ ಇದ್ದಂತೆಯೇ ಉಳಿಯುತ್ತಾನೆ. ಸಾಕ್ಷಿಗಳ ಬೋಧನೆಯಲ್ಲಿ ಮೀಕಾಯೇಲ ಭೂಮಿಗೆ ಬಂದು ಯೇಸುವೆಂಬ ಮನುಷ್ಯನಾದ, ಸತ್ತ ಮೇಲೆ ಆ ಮನುಷ್ಯದೇಹ ಏಳಲಿಲ್ಲ, ಎದ್ದವನು ಆತ್ಮಜೀವಿ, ಮರಳಿ ಪ್ರಧಾನದೂತ. ನನ್ನ ದೊಡ್ಡ ತಕರಾರು ಇರುವುದು ಇಲ್ಲಿ. ಅವರು ಯೇಸುವನ್ನು ದೇವರೆನ್ನಲಿಲ್ಲ ಎಂಬುದಕ್ಕಿಂತ, ಅವನ ಮನುಷ್ಯತ್ವವನ್ನು ಮೂವತ್ತಮೂರು ವರ್ಷಗಳ ಉಡುಪಾಗಿಸಿದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಇಬ್ರಿಯರ ಪತ್ರಿಕೆ ಮೊದಲ ಅಧ್ಯಾಯದಲ್ಲಿ ಮಗನನ್ನು ದೂತರಿಗಿಂತ ಮೇಲೇರಿಸಿ ಎರಡನೆಯದರಲ್ಲಿ ರಕ್ತಮಾಂಸದ ಸೋದರನನ್ನಾಗಿ ಇಳಿಸುತ್ತದೆ, ಅವನು ಕೈಹಿಡಿದದ್ದು ದೂತರನ್ನಲ್ಲ, ಅಬ್ರಹಾಮನ ಸಂತತಿಯನ್ನು ಎನ್ನುತ್ತದೆ. ಆ ಕೈಹಿಡಿತ ಶಿಲುಬೆಯ ನಂತರವೂ ಮುಂದುವರಿಯುತ್ತದೆಂದೇ ಅವನನ್ನು ನಮ್ಮ ಬಲಹೀನತೆ ಬಲ್ಲ ಮಹಾಯಾಜಕನೆಂದು ಕರೆಯುತ್ತದೆ. ಪುನರುತ್ಥಾನದ ಬಳಿಕ ಹೊಸ ಒಡಂಬಡಿಕೆಯ ಯಾವ ಬರಹಗಾರನೂ ಅವನನ್ನು ಮೀಕಾಯೇಲನೆಂದು ಕರೆದಿಲ್ಲ. ದಮಸ್ಕದ ದಾರಿಯಲ್ಲಿ ನೆಲಕ್ಕೆ ಬಿದ್ದ ಸೌಲ, ಕರ್ತನೇ ನೀನಾರೆಂದು ಕೇಳಿದಾಗ ಸ್ವರ್ಗದಿಂದ ಬಂದ ಉತ್ತರವನ್ನು ಅಪೊಸ್ತಲರ ಕೃತ್ಯಗಳ ಇಪ್ಪತ್ತೆರಡನೆಯ ಅಧ್ಯಾಯ ದಾಖಲಿಸಿದೆ. ಅದರಲ್ಲಿ ಯಾವ ದೂತನ ಹೆಸರೂ ಇಲ್ಲ. ಯೇಸು ಎಂಬ ಹೆಸರಿದೆ, ಅದರ ಜೊತೆಗೆ ಊರಿನ ಹೆಸರೂ ಇದೆ, ನಜರೇತು.